ಫ್ರೆಂಚಿನಲ್ಲಿ ಗಂಡನ ಹೆಸರು

ಸವಣೂರು ಬಸ್ ನಿಲ್ದಾಣದಲ್ಲಿ ಹತ್ತಿಮತ್ತೂರಿನ ಗಂಡ ಹೆಂಡಿರು ಶಿಗ್ಗಾಂವಿ ಬಸ್ಸಿಗೆ ಕಾಯುತ್ತಿದ್ದರು. ಪಕ್ಕದಲ್ಲಿದ್ದ ಗೋಪಿಕಾಬಾಯಿಯ ಕಣ್ಣು ರಸ್ತೆಯ ಮೇಲೆ, ಕಿವಿ ಮಾತ್ರ ಅವರ ಮೇಲೆ. ಗಂಡನ ಕೈಯಲ್ಲಿ, ಶಿಗ್ಗಾಂವಿಯ ಹಾಸ್ಟೆಲಿನಲ್ಲಿದ್ದು ಓದುವ ಮಗಳ ಶಾಲೆಗೆ ಕೊಡುವ ಅರ್ಜಿಯಿತ್ತು.

"ಶ್ವೇತಾಗ ಫ್ರೆಂಚ್ ಬ್ಯಾಡಂತ ಬರದೇನಿ. ಎತ್ತಿನ ಕೂಡ ಮಾತಾಡಾಕ ಬೇಕೇನದು?"

"ಮನಷ್ಯಾರ ಕೂಡರ ಮಾತಾಡಾಕತ್ತಾಳಲ್ರಿ! ಮೊದಲ ಮಾಸ್ತರು ಹೆಸರು ಕೇಳಿದ್ರ ಸೈತ ಅಳಾಕಿ."

"ಅದಕ್ಕ ಫ್ರೆಂಚ್ ಯಾಕ?"

"ಫ್ರೆಂಚ್ ಎಲ್ಲಾರಿಗೂ ಹೊಸಾದು, ಆ ತಾಸಿನ್ಯಾಗ ಸಾವ್ಕಾರ್ರ ಮಕ್ಕಳೂ ತಪ್ಪ ಮಾತಾಡ್ತಾರಂತ. ನಗಾವ್ರ ಇಲ್ಲಂದ ಮ್ಯಾಲ ಅಂಜಿಕಿ ಎಲ್ಲಿದು? ಈಗ ರಜಾಕ್ಕ ಬಂದ್ರ ನನಗ ಪಾಠ ಹೇಳ್ತಾಳ."

"ನಿನಗ? ಏನ್ ಕಲತಿ, ಹೇಳು ನೋಡೂನು."

ಆಕೆ ಸೆರಗು ಸರಿಮಾಡಿಕೊಂಡು, ಎರಡು ಮೂರು ಫ್ರೆಂಚ್ ಶಬ್ದ ತಡವರಿಸಿ, ಕೊನೆಗೆ "ಶಂಕ್ರಪ್ಪ" ಅಂದುಬಿಟ್ಟಳು.

"ಏ ವೀರವ್ವ! ಹದಿನೆಂಟು ವರ್ಷದಾಗ ಒಮ್ಮೆರ ನನ್ನ ಹೆಸರು ತಗದಿಯೇನ?"

"ಗಂಡನ ಹೆಸರು ಹೇಳಬಾರದು ಅನ್ನೂ ಪದ್ಧತಿ ಫ್ರೆಂಚಿಗೆ ಹತ್ತಂಗಿಲ್ಲಂತ. ನಿಮ್ಮ ಮಗಳದ ತೀರ್ಪು!"

ಬಸ್ಸು ಬಂತು. ಶಂಕ್ರಪ್ಪ ಅರ್ಜಿಯನ್ನು ಮಡಚಿ ಹರಿದ.

"ಮತ್ತ ಮಾಸ್ತರಿಗೆ ಏನಂತೀರಿ?"

"ಮಗಳ್ನ ನೋಡಾಕ ಬಂದ್ವಿ ಅಂತೇನಿ. ಹತ್ತು."

ಬಸ್ಸಿನ ಮೆಟ್ಟಿಲ ಮೇಲೆ ಆತ ತಿರುಗಿ ನಿಂತದ್ದು ಗೋಪಿಕಾಬಾಯಿಗೆ ಕಂಡಿತು.

"ಇನ್ನೊಮ್ಮೆ ಅನ್ನು," ಅಂದ.