ಭಾಗ್ಯ ಮನೇಲಿಲ್ಲ

ಇಲ್ಲ ಅಂದ್ನಲ್ಲ ವಸಂತಾ. ಭಾಗ್ಯ ಮನೇಲಿಲ್ಲ. ಬೆಳ್ಳಂದೂರಿಗೆ, ನಮ್ಮಕ್ಕನ ಮನೆಗೆ ಓಗವ್ಳೆ. ಯಾವಾಗ ಬತ್ತಾಳೆ ಅಂದ್ರೆ ನಾನೇನ್ ಯೇಳ್ಲಿ... ಬಂದಾಗ ಬತ್ತಾಳೆ. ಕುಂತ್ಕೊ. ಬಿಸ್ಲಲ್ಲಿ ಸೈಕಲ್ ತುಳ್ಕೊಂಡು ಬಂದಿದ್ದೀಯ, ಮುಖ ಬಾಡೋಗೈತೆ. ಮಜ್ಜಿಗೆ ಕುಡಿ.

ಕುಡಿಯಲ್ವಾ? ಇರ್ಲಿ ಬುಡು. ಈ ಭದ್ರಮ್ಮನ ಮನೆ ಮಜ್ಜಿಗೆ ನಿಂಗೆ ಈಗ ಸೇರಲ್ಲ. ಏಳ್ನೇ ಕ್ಲಾಸ್ ಗಂಟ ನೀನೂ ನನ್ ಮಗ್ಳೂ ಒಂದೇ ತಟ್ಟೇಲಿ ಉಂಡೋರು. ಆಮೇಲೆ ನಿಮ್ಮಪ್ಪ ವೆಂಕಟರಮಣಪ್ಪ ನಿನ್ನ ಓದ್ಸಿದ. ನಮ್ಮದು ರಾಗಿ ಹೊಲ ಓಯ್ತು, ಹೊಲದಲ್ಲಿ ಸೈಕಲ್ ಸಾಮಾನು ಮಾಡೋ ಶೆಡ್ಡು ಎದ್ತು, ನಮ್ಮನೆಯೋನು ಮಗ್ಳನ್ನ ಅದೇ ಶೆಡ್ಡಿಗೆ ಕೆಲ್ಸಕ್ಕೆ ಕಳ್ಸಿದ. ಯಾಕೆ ತಲೆ ತಗ್ಗಿಸ್ತೀಯ? ನಿನ್ನ ಬಯ್ಯೋಕೆ ಯೇಳ್ಲಿಲ್ಲ ಕಣವ್ವ.

ಯಾಕೆ ಬಂದಿದ್ದೀಯ ಅಂತ ನಂಗೊತ್ತು. ನೀವು ಕಾಲೇಜ್ ಹುಡುಗ್ರೇ ಸೇರ್ಕೊಂಡು ಸೈಕ್ಲೋಸ್ಟೈಲ್ ಮಿಷನ್ನು ತಿರುಗ್ಸಿ ಮಾಡ್ತೀರಲ್ಲ ಪತ್ರಿಕೆ, ಅದ್ಕೆ ನೀನೇ ಎಡಿಟ್ರು. ಅದ್ರಲ್ಲಿ ಭಾಗ್ಯನ ಕೈ ಬಗ್ಗೆ ಬರ್ದೆ. ಸೈಕಲ್ ಹ್ಯಾಂಡಲ್‌ಗೆ ಹೊಳಪು ಕೊಡೋ ತೊಟ್ಟಿ ನೀರಲ್ಲಿ ಅದ್ದೀ ಅದ್ದೀ ಬೆರಳೆಲ್ಲ ತೂತು ಬಿದ್ದವೆ, ಕೈಗೆ ಹಾಕ್ಕೊಳ್ಳೋಕೆ ಒಂದ್ ರಬ್ಬರ್ ಚೀಲಾನೂ ಕೊಡಲ್ಲ ಅಂತ. ಶೆಡ್ಡಿನ ಸಾಹುಕಾರ ನಿಮ್ ಕಾಲೇಜ್ ಕಮಿಟೀಲೂ ಕುಂತವ್ನೆ. ಎಲ್ಲಾ ಸುಳ್ಳು ಅಂದ್ಬುಟ್ಟ. ಈಗ ಪ್ರಿನ್ಸಿಪಾಲ್ರು, ನಾಳೆ ಬೆಳಿಗ್ಗೆ ಆ ಹುಡುಗೀನ ಕರ್ಕೊಂಡ್ ಬಂದು ಕಮಿಟಿ ಮುಂದೆ ಕೈ ತೋರ್ಸು, ಇಲ್ದಿದ್ರೆ ಪತ್ರಿಕೇನೂ ಮುಚ್ಚು, ನೀನೂ ಮನೆಗ್ ನಡಿ ಅಂದವ್ರಂತೆ. ನಿಮ್ಮವ್ವ ಬಾವಿ ಹತ್ರ ಅಳ್ತಾ ಯೇಳಿದ್ಳು.

ಆದ್ರೆ ಏನ್ ತೋರ್ಸಾನ? ವಾಸಿ ಆಗೋಯ್ತಲ್ಲ. ಬೇವಿನೆಣ್ಣೆ ಸವರ್ದೆ, ಒಣಗ್ದೋ. ಈಗ ನೋಡಿದ್ರೆ ನೀನೇ ನಂಬಲ್ಲ... ಯಾಕೆ ನಗ್ತೀಯ? ಅಂಗೆ ನಗಬ್ಯಾಡ ವಸಂತಾ. ಅಳೋದಾದ್ರೂ ವಾಸಿ.

ಕೇಳು ಇಲ್ಲಿ. ಶುಕ್ರವಾರ ಮಹದೇವಪುರದ ಮುನಿಯಕ್ಕ ಅವ್ಳಿಗೆ ಹೂ ಮುಡ್ಸೋಕೆ ಬತ್ತಾಳೆ. ಮುನಿಯಕ್ಕನ ಮಗ ಒಳ್ಳೇನು. ಕುಡಿಯಲ್ಲ. ಮದ್ವೆ ಆದ್ಮೇಲೆ ಹುಡುಗೀನ ಶೆಡ್ಡಿಗೆ ಕಳ್ಸಲ್ಲ ಅಂದವ್ನೆ. ಅದೊಂದೇ ಮಾತಿಗೆ ನಾನು ಊಂ ಅಂದೆ. ಅವ್ಳನ್ನ ಆ ತೊಟ್ಟಿಯಿಂದ ಎತ್ತೋಕೆ ನಂಗೆ ಬ್ಯಾರೆ ದಾರಿ ಗೊತ್ತಿಲ್ಲ ಕಣೆ. ಮೊದಲ್ನೇ ಸಲ ನೋಡೋಕೆ ಬಂದಾಗ ತಾಂಬೂಲದ ತಟ್ಟೆ ನಾನೇ ತಂದಿಟ್ಟೆ. ಇವ್ಳು ಕೈನ ಸೆರಗೊಳಗೆ ಇಟ್ಕೊಂಡು ಕುಂತಿದ್ಳು. ಅವ್ರು ನಾಚ್ಕೆ ಅಂದ್ಕೊಂಡ್ರು.

ಆ ಹುಡುಗನ ತಮ್ಮ ನಿಮ್ ಕಾಲೇಜಲ್ಲೇ ಓದೋದು. ನಿನ್ ಪತ್ರಿಕೆ ಮನೆಗ್ ತಗೊಂಡೋಗಿ ಎಲ್ರ ಮುಂದೆ ಓದವ್ನೆ. ದಾಸರಹಳ್ಳಿ ಭಾಗ್ಯ ಅಂದ್ರೆ ನಿಮ್ ಹುಡುಗೀನಾ ಅಂತ ಮುನಿಯಕ್ಕ ಕೇಳಿ ಕಳ್ಸಿದ್ಳು. ಅಲ್ಲ ಅಂದೆ. ಅವ್ಳು ಬ್ಯಾರೆ ಭಾಗ್ಯ, ನಮ್ಮೂರಲ್ಲಿ ನಾಲ್ಕ್ ಜನ ಭಾಗ್ಯ ಅವ್ರೆ ಅಂದೆ.

ಹೆಸ್ರು ಯಾಕೆ ಹಾಕ್ದೆ ನೀನು? ಒಬ್ಳು ಹುಡುಗಿ ಅಂತ ಬರ್ದಿದ್ರೆ ಆಯ್ತಿರ್ಲಿಲ್ವಾ?

ಏನು, ತಲೆ ಆಡಿಸ್ತೀಯ... ಅವ್ಳೇ ಹಾಕು ಅಂದ್ಳಾ? ಭಾಗ್ಯಾನೇ?

ನಂಗೆ ಯೇಳ್ಲೇ ಇಲ್ಲ. ಅದಕ್ಕೇಯಾ ನಿನ್ ಪತ್ರಿಕೇನ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗೋದು. ತೆಗೀತಾಳೆ, ತನ್ ಹೆಸ್ರು ಇರೋ ಜಾಗ ನೋಡ್ತಾಳೆ, ಮತ್ತೆ ಮಡಗ್ತಾಳೆ. ಇವತ್ತು ಬೆಳಿಗ್ಗೇನೂ ಅಂಗೇ...

ಅಂದ್ರೆ... ಓಗೋಕ್ ಮುಂಚೆ. ಬೆಳ್ಳಂದೂರಿಗೆ ಓಗೋಕ್ ಮುಂಚೆ. ಯಾಕಂಗೆ ನೋಡ್ತೀಯ? ಬೆಳಿಗ್ಗೆ ಬಸ್ಸಿಗೆ ಓದ್ಳು. ಇಲ್ಲ, ನಿನ್ನೆ. ಅಯ್ಯೋ, ಯಾವತ್ತು ಓದ್ರೇನು, ನೀನು ನನ್ನ ಪೋಲೀಸ್ನೋರಂಗೆ ನೋಡಬ್ಯಾಡ.

ಒಂದ್ ಕೆಲ್ಸ ಮಾಡು ನನ್ನವ್ವ. ತಪ್ಪಾಗೈತೆ, ಅದು ಈ ಭಾಗ್ಯ ಅಲ್ಲ ಅಂತ ಮುಂದಿನ ಪತ್ರಿಕೇಲಿ ಹಾಕ್ಬುಡು. ಎರಡೇ ಸಾಲು. ಸಾಹುಕಾರನೂ ಸುಮ್ಗಾಯ್ತಾನೆ, ನಿನ್ ಓದೂ ಉಳೀತದೆ, ನನ್ ಮಗ್ಳೂ ಒಂದ್ ಮನೆ ಸೇರ್ತಾಳೆ. ಹಾಕ್ತೀನಿ ಅನ್ನು. ನಿನ್ ಕಾಲಿಡ್ಕೊಂತೀನಿ... ಯಾಕೆ ಇಂದಕ್ಕೆ ಸರೀತೀಯ? ಎತ್ತಿ ಆಡ್ಸಿರೋ ಕೈ ಇದು, ಮುಟ್ಟಿದ್ರೆ ತಪ್ಪೇನಿಲ್ಲ.

ಏನಾದ್ರೂ ಅನ್ನು ವಸಂತಾ. ಆಗಲ್ಲ ಅಂತಾನಾದ್ರೂ ಅನ್ನು. ನನ್ ಮುಖ ನೋಡಿ ಅನ್ನು... ನನ್ ಮುಖ ನೋಡು ಅಂದ್ರೆ ನನ್ ಇಂದೆ ಏನ್ ನೋಡ್ತಾ ಇದ್ದೀಯ?

ಭಾಗ್ಯ.

ಒಳೀಕ್ ಓಗು. ನಾನು ಕರಿಯೋಗಂಟ ಬರಬ್ಯಾಡ, ಉಸುರೂ ಬುಡಬ್ಯಾಡ ಅಂತ ಯೇಳಿದ್ನಲ್ಲ ನಿಂಗೆ. ಓಗೇ, ನಿನ್ ದಮ್ಮಯ್ಯ...

ಚಪ್ಲಿ ಯಾಕೆ ಮೆಟ್ಟಿದ್ದೀಯ? ಕರ್ದಿರೋದು ನಾಳೆ ತಾನೆ. ಇವತ್ತೇ ವಸಂತನ ಮನೆಗ್ ಓಗಿ ಮಲಗ್ತೀಯಾ? ಬೆಳಿಗ್ಗೆ ಅವ್ವ ಬಾಗ್ಲಿಗೆ ಅಡ್ಡ ನಿಲ್ತಾಳೆ ಅಂತಾನಾ?

ಸುತ್ತಿದ್ ಬಟ್ಟೆ ಎಲ್ಲಿ? ನಾನು ಬೆಳಿಗ್ಗೆ ಕಟ್ಟಿದ್ ಬಟ್ಟೆ... ಬಿಚ್ಚಿ ಬಿಸಾಕಿದ್ಯಾ. ಕೀವು ಸೋರ್ತೈತೆ ನೋಡು. ಸೆರಗಲ್ಲಿ ಮುಚ್ಕೊಳ್ಳೆ. ಬೀದಿ ತುಂಬ ಜನ ಅವ್ರೆ, ಮುಚ್ಕೊ...

ಮುಚ್ಕೊಳ್ಳಲ್ವಾ.

ಮುನಿಯಕ್ಕಂಗೆ ನಾನೇನ್ ಯೇಳ್ಲಿ ಭಾಗ್ಯ? ಅದನ್ನಾದ್ರೂ ಯೇಳ್ಕೊಟ್ಟು ಓಗು...

ತಾಳು. ಅಂಗೇ ಓಗಬ್ಯಾಡ. ಜಡೆ ಬಿಚ್ಚೋಗೈತೆ, ನಿನ್ ಬೆರಳಿಗೆ ಬಾಚಣಿಗೆ ನಿಲ್ಲಲ್ಲ. ವಸಂತಾ, ಆ ಗೂಡಲ್ಲೈತೆ ನೋಡು, ತಕ್ಕೊಡವ್ವ. ಕುಂತ್ಕೊ ಭಾಗ್ಯ. ಅಷ್ಟು ಜನ ದೊಡ್ಡೋರ ಮುಂದೆ ತಲೆ ಕೆದರ್ಕೊಂಡು ನಿಲ್ಲಬ್ಯಾಡ.