ಆಟ ಕಲಿಸುವ ಅಂಗಡಿ

ಚಿಂತಾಮಣಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದವರು ಬೋರ್ಡ್ ಗೇಮ್ ಅಂಗಡಿಯ ಅಮಾನುಲ್ಲಾ. ಅವರನ್ನು ಹುಡುಕಿಕೊಂಡು ಆಟ ತಯಾರಿಸುವ ಕಂಪನಿಯ ತನುಜ ಬಂದಿದ್ದರು.

“ಸಾರ್, ಹೊಸ ಆಟ ಬಂದಿದೆ. ಭಾನುವಾರ ನಿಮ್ಮಂಗಡೀಲಿ ಜನಕ್ಕೆ ಕಲಿಸಿಕೊಡ್ಬೇಕು.”

“ಮಾರಕ್ಕೆ ಮಾಲು ಯಾವಾಗ ಕಳಿಸ್ತೀರಮ್ಮ?”

“ಮೊದ್ಲು ಆನ್‌ಲೈನ್‌ನೋರಿಗೆ. ನಿಮಗೆ ಮುಂದಿನ ತಿಂಗಳು.”

“ಅಂದ್ರೆ ನಾನು ಕಲಿಸ್ಬೇಕು, ಅವರು ಮಾರ್ಬೇಕು.”

“ನೀವು ನಮ್ಮ ಕಂಪನಿಗೆ ಮನೆ ಮಂದಿ ಇದ್ದಂಗೆ ಸಾರ್.”

“ಅದಕ್ಕೇ ಎಲ್ಲರದ್ದೂ ಆದ್ಮೇಲೆ ಬಡಿಸ್ತೀರ.”

ತನುಜ ನಕ್ಕರು. ಅಮಾನುಲ್ಲಾ ನಗಲಿಲ್ಲ.

“ಹೋದ್ಸಲದ ಆಟ ನಮ್ಮತ್ರ ತಗೊಳ್ಳಲೇ ಇಲ್ಲ, ಆದ್ರೂ ಮಾರಿದ್ರಲ್ಲ ಸಾರ್?”

“ಆನ್‌ಲೈನಲ್ಲೇ ತರಿಸ್ದೆ. ನೀವು ಅಂಗಡಿಗೆ ಕೊಡೋ ರೇಟಿಗಿಂತ ಅಲ್ಲೇ ಕಮ್ಮಿ.”

ಶಿಡ್ಲಘಟ್ಟದ ಬಸ್ ಬಂತು. ಅಮಾನುಲ್ಲಾ ಎದ್ದರು.

“ಹಾಗಾದ್ರೆ ಭಾನುವಾರ, ಸಾರ್?”

“ಅಂಗಡಿ ತೆಗೀತೀನಮ್ಮ. ನಿಮ್ಮದೊಂದು ಬಿಟ್ಟು ಬೇರೆ ಎಲ್ಲಾ ಆಟ ಕಲಿಸ್ತೀನಿ,” ಎನ್ನುತ್ತ ಬಸ್ ಹತ್ತಿದರು.