ಕಸ್ತೂರೆವ್ವನ ಕಾರಿನ ವೈರು

ಶರಣರೇ, ತಾಯಂದಿರೇ, ಇಷ್ಟು ಹೊತ್ತು ಕರುಣೆಯ ಬಗ್ಗೆ ಮಾತನಾಡಿದೆವು. ನೀವೆಲ್ಲ ಚೆನ್ನಾಗಿ ತಲೆ ತೂಗಿದಿರಿ. ಈಗ ಒಂದು ಕಥೆ ಹೇಳುತ್ತೇನೆ. ಕೇಳಿದ ಮೇಲೂ ತೂಗುತ್ತೀರೋ ಇಲ್ಲವೋ, ನೋಡೋಣ.

ಒಂದು ಊರು. ಆ ಊರಿನಲ್ಲಿ ಒಬ್ಬ ಶ್ರೀಮಂತ. ಮೆಣಸಿನಕಾಯಿ ವ್ಯಾಪಾರ, ಸಂತೆಯ ಹತ್ತಿರ ದೊಡ್ಡ ಗೋದಾಮು. ಕಥೆಯಲ್ಲಿ ಬರುವ ಶ್ರೀಮಂತ ಎಂದಮೇಲೆ ಜಿಪುಣನೇ ಇರಬೇಕು ಎಂದುಕೊಳ್ಳಬೇಡಿ. ಈತ ಧಾರಾಳಿ. ಮಠಕ್ಕೆ ಕೊಡುತ್ತಿದ್ದ, ಶಾಲೆಗೆ ಕೊಡುತ್ತಿದ್ದ, ಕೇಳದವರನ್ನೂ ಕರೆದು ಕೊಡುತ್ತಿದ್ದ. ಅವನ ಹೆಸರು ಚನ್ನವೀರಪ್ಪ ಎಂದಿಟ್ಟುಕೊಳ್ಳಿ.

ಈ ಚನ್ನವೀರಪ್ಪನಿಗೆ ಕಸ್ತೂರೆವ್ವ ಎಂಬ ತಂಗಿ. ಹೈಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಮೆದುಳು ಜ್ವರ ಬಂದು ಎರಡೂ ಕಿವಿ ಹೋದವು. ಮಾತು ಉಳಿಯಿತು. ಎದುರಿಗೆ ನಿಂತವರ ತುಟಿ ನೋಡಿ ಏನು ಹೇಳುತ್ತಿದ್ದಾರೆ ಎಂದು ತಿಳಿಯುವುದನ್ನು ಹುಡುಗಿ ತಾನಾಗಿಯೇ ಕಲಿತಳು. ಅಣ್ಣ ಅವಳನ್ನು ಹೇಗೆ ನೋಡಿಕೊಂಡ? ಬಹಳ ಚೆನ್ನಾಗಿ ನೋಡಿಕೊಂಡ. ಎಲ್ಲಿ ಸನ್ಮಾನವಾದರೂ ಮೈಕ್ ಹಿಡಿದು, “ನನ್ನ ಕಿವುಡ ತಂಗೀನ ಇವತ್ತಿನ ತನಕ ನಾನ ಸಾಕಾಕತ್ತೇನ್ರಿ” ಎನ್ನುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ತಂಗಿ ಮುಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದಳು. ಕುಳಿತು ಅವನ ತುಟಿ ನೋಡುತ್ತಿದ್ದಳು.

ತಿಳಿಯಿತೇ? ತುಟಿ ನೋಡುತ್ತಿದ್ದಳು. ಒಂದೊಂದು ಅಕ್ಷರವೂ ಅವಳಿಗೆ ಮುಟ್ಟುತ್ತಿತ್ತು.

ಕಸ್ತೂರೆವ್ವ ಸುಮ್ಮನೆ ಕೂರುವ ಹೆಣ್ಣುಮಗಳಲ್ಲ. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಖಡಕ್ ರೊಟ್ಟಿ ಮಾಡಿಸಿ ಸುತ್ತಲಿನ ಖಾನಾವಳಿಗಳಿಗೆ ಮಾರತೊಡಗಿದಳು. ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡಳು. ಲೈಸೆನ್ಸ್ ಕೊಡಲು ಹಿಂದೆ ಮುಂದೆ ನೋಡಿದವರ ಎದುರು ಕುರ್ಚಿ ಎಳೆದು ಕುಳಿತು, ಪಡೆದುಕೊಂಡೇ ಎದ್ದಳು. ರೊಟ್ಟಿಯ ಕಟ್ಟುಗಳನ್ನು ಹಿಂದಿನ ಸೀಟಿನಲ್ಲಿ ಪೇರಿಸಿಕೊಂಡು, ಚಪ್ಪಲಿ ಬಿಚ್ಚಿಟ್ಟು, ಬರಿಗಾಲಲ್ಲಿ ಕಾರು ಓಡಿಸುತ್ತಿದ್ದಳು.

ಒಂದು ದಿನ ಮದುವೆ ಮೆರವಣಿಗೆಯೊಂದು ಎದುರಾಯಿತು. ದೊಡ್ಡ ದೊಡ್ಡ ಸ್ಪೀಕರ್ ಹೊತ್ತ ಟ್ರ್ಯಾಕ್ಟರ್. ನಾವು ನೀವಾದರೆ ಕಿವಿ ಮುಚ್ಚಿಕೊಂಡು ಬೈಯುತ್ತೇವೆ. ಕಸ್ತೂರೆವ್ವ ಕಾರು ನಿಲ್ಲಿಸಿ ಇಳಿದಳು. ಡೊಳ್ಳಿನ ಪದ ಹಚ್ಚಿದ್ದರು. ಪೆಟ್ಟು ನೆಲದಿಂದ ಅಂಗಾಲಿಗೆ ಬಂತು, ಅಂಗಾಲಿನಿಂದ ಎದೆಗೆ ಬಂತು. ಜ್ವರ ಬಂದು ಹೋದ ಮೇಲೆ ಅವಳ ಮೈಯೊಳಗೆ ಹಾಡು ಬಂದದ್ದು ಅದೇ ಮೊದಲು. ಮೆರವಣಿಗೆ ಮುಂದೆ ಹೋಯಿತು. ಅವಳು ರಸ್ತೆಯಲ್ಲೇ ನಿಂತಿದ್ದಳು, ಎದೆಯ ಮೇಲೆ ಕೈ ಇಟ್ಟುಕೊಂಡು.

ಮರುದಿನವೇ ಕಾರುಗಳಿಗೆ ಟೇಪು, ಸ್ಪೀಕರು ಕೂರಿಸುವ ಫಕೀರೇಶನ ಅಂಗಡಿಗೆ ಹೋದಳು.

“ರಿವರ್ಸ್ ಕ್ಯಾಮೆರಾ ಹಾಕ್ಸೂದೇನ್ರಿ ಅಕ್ಕಾರ?” ಎಂದ ಅವನು.

“ಅದಲ್ಲ. ಡಿಕ್ಕಿಯೊಳಗ ಸಬ್‌ವೂಫರ್ ಹಾಕು. ದೊಡ್ಡದು. ಅದಕ್ಕ ತಕ್ಕ ಆಂಪ್ಲಿಫೈಯರ್ ಹಾಕು.”

“ಯಾರ್ ಕೇಳಾವ್ರರಿ?”

“ನಾ.”

ಚಹಾ ಕುಡಿಯುತ್ತ ಕುಳಿತಿದ್ದವರು ನಕ್ಕರು. ಅವಳು ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಊರಲ್ಲಿ ಮಾತು ನಿಲ್ಲುತ್ತದೆಯೇ? ಚನ್ನವೀರಪ್ಪನಿಗೆ ಸುದ್ದಿ ಮುಟ್ಟಿತು. ಅವನು ಏನು ಮಾಡಬೇಕಿತ್ತು? ಬೇಡ ಅನ್ನಬಹುದಿತ್ತು. ಜಗಳ ತೆಗೆಯಬಹುದಿತ್ತು. ಅದೂ ಒಂದು ಮರ್ಯಾದೆಯೇ, ನೋಡಿ. ಜಗಳವನ್ನು ಸರಿಸಮಾನರ ಜೊತೆ ತೆಗೆಯುತ್ತೇವೆ. ಅವನು ಕರುಣಾಳು. ಅಂಗಡಿಗೆ ಫೋನ್ ಮಾಡಿದ.

“ಫಕೀರೇಶಾ, ಅಕಿ ಮನಸ್ಸಿಗೆ ನೋವು ಮಾಡಬ್ಯಾಡಪಾ. ಹಳೇ ವೈರ್ ಯಾವುದರ ಬಿದ್ದಿದ್ರ ಎಳದು, ಲೈಟ್ ಹತ್ತೂವಂಗ ಮಾಡಿ ಕಳಸು. ಅಕಿಗೇನು ಗೊತ್ತಾಗ್ತದ?”

ಇದೊಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅಕಿಗೇನು ಗೊತ್ತಾಗ್ತದ.

ಅಂಥ ಸ್ಪೀಕರ್ ಬಹಳ ಕರೆಂಟ್ ಎಳೆಯುತ್ತದೆ. ಮುಂದಿನ ಬ್ಯಾಟರಿಯಿಂದ ಹಿಂದಿನ ಡಿಕ್ಕಿಯವರೆಗೆ ದಪ್ಪನೆಯ ವೈರು ಹೋಗಬೇಕು. ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸ್ ಇರಬೇಕು. ತಗಡಿನ ತೂತಿನಲ್ಲಿ ಹಾಯುವ ಕಡೆ ರಬ್ಬರ್ ಇರಬೇಕು, ಇಲ್ಲದಿದ್ದರೆ ತಗಡಿನ ಅಂಚು ವೈರನ್ನು ಕೊಯ್ಯುತ್ತದೆ. ಇದೆಲ್ಲ ಫಕೀರೇಶನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಚನ್ನವೀರಪ್ಪ ಸಾವುಕಾರನ ಸ್ವಂತ ಕಾರಿಗೆ ಹಾಗೆಯೇ ಮಾಡಿದ್ದ. ತಂಗಿಯ ಕಾರಿಗೆ ಮೂಲೆಯಲ್ಲಿ ಬಿದ್ದಿದ್ದ ಸಣ್ಣ ವೈರನ್ನು ಎಳೆದ. ಫ್ಯೂಸ್ ಇಲ್ಲ, ರಬ್ಬರ್ ಇಲ್ಲ. ಡ್ರೈವರ್ ಕಾಲಿನ ಕೆಳಗಿನ ಮ್ಯಾಟ್ ಅಡಿಯಲ್ಲಿ ತೂರಿಸಿ ಡಿಕ್ಕಿಗೆ ಒಯ್ದ. ನೀಲಿ ಲೈಟ್ ಹತ್ತಿತು. ಕೆಲಸ ಮುಗಿಯಿತು.

ಕಸ್ತೂರೆವ್ವ ರೊಟ್ಟಿ ತುಂಬಿಕೊಂಡು ಹೊರಟಳು. ಊರು ದಾಟುತ್ತಲೇ ಡೊಳ್ಳಿನ ಪದ ಹಚ್ಚಿದಳು. ಸೀಟು ನಡುಗಿತು, ಬೆನ್ನು ನಡುಗಿತು. ಆಕೆ ಒಬ್ಬಳೇ ನಕ್ಕಳು, ಸ್ಟೀರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕಿದಳು. ಸ್ವಲ್ಪ ದೂರ ಹೋದ ಮೇಲೆ ಪೆಟ್ಟು ಸೊರಗತೊಡಗಿತು. ಒಂದೊಂದು ಪೆಟ್ಟಿಗೂ ಎದುರಿನ ಮೀಟರಿನ ದೀಪಗಳು ಮಂಕಾದವು. ಯಾಕೆ ಹೀಗೆ ಎಂದು ನೋಡುವಷ್ಟರಲ್ಲಿ ಹಿಮ್ಮಡಿ ಚುರುಕ್ ಎಂದಿತು. ಕಾರು ನಿಲ್ಲಿಸಿ ಮ್ಯಾಟ್ ಎತ್ತಿದಳು. ವೈರಿನ ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿ ಮ್ಯಾಟಿಗೆ ಅಂಟಿತ್ತು. ಸುಟ್ಟ ವಾಸನೆ. ಓಡಿ ಹೋಗಿ ಬಾನೆಟ್ ಎತ್ತಿ, ಪಾನಾ ಹಾಕಿ ಬ್ಯಾಟರಿಯ ಕ್ಲ್ಯಾಂಪ್ ಬಿಚ್ಚಿದಳು. ತಗಡಿನ ತೂತಿನ ಹತ್ತಿರ ವೈರಿನ ಮೈ ಸುಲಿದು ತಾಮ್ರ ಕಾಣುತ್ತಿತ್ತು. ಆ ತಾಮ್ರ ತಗಡಿಗೆ ತಾಗಿದ್ದರೆ? ಹಿಂದೆ ಒಣ ರೊಟ್ಟಿ, ರದ್ದಿ ಪೇಪರು. ಕೆಳಗೆ ಪೆಟ್ರೋಲು. ನಡುವೆ ಒಬ್ಬ ಹೆಣ್ಣುಮಗಳು.

ಅತ್ತಳೋ ಏನೋ, ನೋಡಿದವರಿಲ್ಲ. ಆ ವೈರನ್ನು ಪೂರ್ತಿ ಕಿತ್ತು, ಬ್ಯಾಟರಿ ಜೋಡಿಸಿ, ಅಂಗಡಿಗೆ ಬಂದಳು. ವೈರು ನೋಡುತ್ತಲೇ ಫಕೀರೇಶನ ಮುಖ ಸಣ್ಣದಾಯಿತು.

“ತಪ್ಪಾತ್ರಿ ಅಕ್ಕಾರ. ಸಾವ್ಕಾರ್ರು ಫೋನ್ ಮಾಡಿದ್ರು... ಹಂಗ ಹೇಳಿದ್ರು.”

“ಏನ್ ಹೇಳಿದ್ರು? ನನ್ನ ಮಕಾ ನೋಡಿ ಹೇಳು.”

ಅವನು ಹೇಳಿದ. ಅವಳು ಅಲ್ಲಿಂದ ನೇರ ಗೋದಾಮಿಗೆ ನಡೆದಳು. ಅಣ್ಣ ನಾಲ್ಕು ಜನ ವ್ಯಾಪಾರಿಗಳ ನಡುವೆ ಗಾದಿಯ ಮೇಲೆ ಕುಳಿತಿದ್ದ. ಸುಟ್ಟ ವೈರನ್ನು ಅವನ ತೊಡೆಯ ಮೇಲೆ ಹಾಕಿದಳು.

“ಇದೇನವ್ವಾ?”

“ನೀ ಹಾಕ್ಸಿದ ವೈರು.”

ಅವನು ಮುಖ ಆ ಕಡೆ ತಿರುಗಿಸಿ ಏನೋ ಗೊಣಗಿದ.

“ಈ ಕಡೆ ತಿರುಗಿ ಮಾತಾಡಣ್ಣಾ.”

“ಅಲ್ಲ ತಂಗೀ, ನಿನ್ನ ಸಮಾಧಾನಕ್ಕ ಅಂತ ಹೇಳೇನಿ. ನಿಂಗ ಕೇಳಸೂದ ಇಲ್ಲ. ಚಲೋ ವೈರ್ ಆದ್ರೇನು, ಎಂಥಾದ್ ಆದ್ರೇನು?”

“ಕಿವಿ ಹೋಗ್ಯಾವು. ಮೈ ಹೋಗಿಲ್ಲ. ಬೆಂಕಿ ಹತ್ತಿದ್ರ, ಪಾಪ ಕಿವುಡಿ ಅಂತ ನನ್ನ ಬಿಡ್ತಿತ್ತೇನು?”

“ಮೆಲ್ಲಕ ಮಾತಾಡ. ಮಂದಿ ನಗತಾರ.”

“ನಗಲಿ ಬಿಡು. ನಂಗೇನ್ ಕೇಳಸ್ತದೇನು?”

ವ್ಯಾಪಾರಿಗಳು ಮುಖ ಮುಖ ನೋಡಿಕೊಂಡರು. ಅವಳು ಇನ್ನೊಂದು ಮಾತು ಹೇಳಿದಳು. “ಇವತ್ತಿನಿಂದ ಯಾವ ಸ್ಟೇಜಿನ ಮ್ಯಾಲೂ ನನ್ನ ಹೆಸರು ತಗೀಬ್ಯಾಡ. ನೀ ನನ್ನ ಸಾಕಾಕತ್ತಿಲ್ಲ. ನಾ ದುಡದು ತಿನ್ನಾಕತ್ತೇನಿ.”

ಮತ್ತೆ ಅಂಗಡಿಗೆ ಹೋದಳು. ಫಕೀರೇಶ ಸೀಟು ಬಿಚ್ಚಿದ. ಅವಳು ತಾನೇ ಕಾರ್ಪೆಟ್ ಎತ್ತಿ ಹಿಡಿದು ನಿಂತಳು. ಹೆಬ್ಬೆರಳು ದಪ್ಪದ ಹೊಸ ವೈರು ಎಳೆದರು. ಬ್ಯಾಟರಿಯ ಪಕ್ಕದಲ್ಲಿ ಫ್ಯೂಸ್ ಕೂರಿಸಿದರು. ತೂತಿಗೆ ರಬ್ಬರ್ ಹಾಕಿದರು. ಅವನು ಒಂದೊಂದು ಕ್ಲಿಪ್ ಹಾಕಿದಾಗಲೂ ಅವಳು ಎಳೆದು ನೋಡಿದಳು. ಕೊನೆಗೆ ಹಾಡು ಹಚ್ಚಿ, ಬಾಗಿಲಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು. ತಲೆ ಆಡಿಸಿದಳು. ಆಯಿತು.

ಕೆಲವು ದಿನಗಳ ಮೇಲೆ ಅಣ್ಣ, ರಾಜಿಯಾಗೋಣ ಎಂದು, ತಾನೇ ಬಂದು ಅವಳ ಪಕ್ಕದ ಸೀಟಿನಲ್ಲಿ ಕುಳಿತ. ಅವಳು ಸಂತೋಷದಿಂದಲೇ ಕೂರಿಸಿಕೊಂಡಳು. ಡೊಳ್ಳು ಶುರುವಾಯಿತು. ಅಣ್ಣ ಕಿವಿ ಮುಚ್ಚಿಕೊಂಡು ಕೂಗಿದ: “ಬಂದ್ ಮಾಡ ಅದನ್ನ! ಕಿವುಡಿಗೆ ಯಾಕ ಬೇಕು ಇದು?”

ತುಟಿ ಕಂಡಿತಲ್ಲ! ಅವಳು ರಸ್ತೆಯ ಪಕ್ಕಕ್ಕೆ ಕಾರು ತಂದಳು.

“ಇಳಿ.”

“ಏನು?”

“ಇಳಿಯಣ್ಣಾ. ನಂಗ ಹೊತ್ತಾಗೇತಿ. ಊಟದ ಹೊತ್ತಿಗೆ ರೊಟ್ಟಿ ಮುಟ್ಟಸಬೇಕು.”

ಇಳಿಸಿ ಹೋಗಿಯೇ ಬಿಟ್ಟಳು.

ಆಮೇಲೆ ಅಣ್ಣ ಕಣ್ಣೀರು ಹಾಕಿದ, ತಂಗಿಯನ್ನು ತಬ್ಬಿಕೊಂಡ ಎಂದು ನಾನು ಹೇಳಬೇಕು ಎಂದು ಕಾಯುತ್ತಿದ್ದೀರಿ. ಹೇಳುವುದಿಲ್ಲ. ಅವನು ಬಿಸಿಲಿನಲ್ಲಿ ಬೈಯುತ್ತ ಮನೆಗೆ ನಡೆದ. ಬಹಳ ದಿನ ಮಾತು ಬಿಟ್ಟ. ಬದಲಾದನೋ ಇಲ್ಲವೋ, ಅದು ಅವನ ಪಾಡು. ಅವನು ಬದಲಾಗಲಿ ಎಂದು ಅವಳು ಕಾಯುತ್ತ ಕೂರಲಿಲ್ಲ.

ನಾನು ಚನ್ನವೀರಪ್ಪನಿಗಾಗಿ ಈ ಕಥೆ ಹೇಳಲಿಲ್ಲ. ಅವನು ಇಲ್ಲಿಲ್ಲ. ಇಲ್ಲಿರುವವರು ನೀವು.

ಕಣ್ಣಿಗೆ ಪೊರೆ ಬಂದ ಅಜ್ಜಿಗೆ ಬಣ್ಣ ಹೋಗುವ ಸೀರೆ ತಂದವರು ಯಾರು? ಅಜ್ಜಿಗೇನು ಕಾಣುತ್ತದೆ ಎಂದಿರಿ. ಅವಳು ಬೆರಳಿನಲ್ಲಿ ಸೆರಗು ತಿಕ್ಕಿ ನೋಡಿ ಸುಮ್ಮನಾದಳು; ನೀವು ಅದನ್ನು ಸಂತೋಷ ಎಂದುಕೊಂಡಿರಿ. ಮನೆಗೆಲಸದವಳಿಗೆ ನಿನ್ನೆಯ ಸಾರು ಕೊಟ್ಟು ತೃಪ್ತಿಪಟ್ಟವರು ಯಾರು? ಬುದ್ಧಿ ನಿಧಾನದ ತಮ್ಮನಿಗೆ ಹಬ್ಬಕ್ಕೆ ಹಳೇ ಅಂಗಿ, ಅವನಿಗೇನು ತಿಳಿಯುತ್ತದೆ ಅಲ್ಲವೇ? ಹೋಗಲಿ, ದೇವರನ್ನಾದರೂ ಬಿಟ್ಟಿದ್ದೀರಾ? ಕಿರಾಣಿ ಅಂಗಡಿಯಲ್ಲಿ ನಿಂತು, ‘ದೀಪಕ್ಕ ರೀ, ತಿನ್ನಾಕಲ್ಲ, ಅಗ್ಗದ ಎಣ್ಣೆ ಕೊಡ್ರಿ’ ಎನ್ನುತ್ತೀರಿ. ಪೂಜೆಗೆ ಬೇರೆ ಅಡಿಕೆ, ಬಾಯಿಗೆ ಬೇರೆ ಅಡಿಕೆ. ಉಡಿ ತುಂಬಲು ಬಂದ ಕುಪ್ಪಸದ ಖಣ ಮನೆಯಿಂದ ಮನೆಗೆ ತಿರುಗಿ ತಿರುಗಿ ಮಡಿಕೆಯಲ್ಲೇ ಹರಿದಿದೆ. ಇದಕ್ಕೆ ದಾನ ಎಂದು ಹೆಸರು!

ನಗಬೇಡಿ. ನಾನು ತಮಾಷೆ ಮಾಡುತ್ತಿಲ್ಲ.

ಕೊಡುವ ಕೈ ಮೇಲಿದೆ ಎಂಬ ಅಹಂಕಾರವನ್ನು ಬಿಡಿ. ಎದುರಿಗಿರುವವರಿಗೆ ಒಂದು ಮನಸ್ಸಿದೆ, ಒಂದು ಬೇಕು, ಒಂದು ಬೇಡ ಇದೆ. ನೀವು ನಿಮಗಾಗಿ ತಂದುಕೊಳ್ಳದ್ದನ್ನು ಅವರಿಗೆ ತರಬೇಡಿ. ಅವರ ಎದುರಿನಲ್ಲಿಯೇ ಅವರ ಬಗ್ಗೆ, ಅವರು ಇಲ್ಲದವರ ಹಾಗೆ, ಮಾತನಾಡಬೇಡಿ. ಇನ್ನು ನಿಮ್ಮಲ್ಲಿಯೇ ಕಸ್ತೂರೆವ್ವನಂಥವರು ಇದ್ದರೆ, ತಾಯಿ, ಬಾಯಿ ಮುಚ್ಚಿಕೊಂಡು ಸಹಿಸುವುದನ್ನು ನಿಮಗೆ ಧರ್ಮ ಎಂದು ಯಾರಾದರೂ ಕಲಿಸಿದ್ದರೆ, ಇದೇ ಪೀಠದಿಂದ ಕಲಿಸಿದ್ದರೂ ಸರಿ, ಅದನ್ನು ಇಂದೇ ಮರೆತುಬಿಡಿ. ಸುಟ್ಟದ್ದನ್ನು ತಂದು, ಕೊಟ್ಟವರ ಮುಂದೆಯೇ ಹಾಕಿ.

ಪ್ರಸಾದ ಸಿದ್ಧವಾಗಿದೆ. ಪಾದಕ್ಕೆ ಬೀಳುವವರು ಸಾಲು ಹಚ್ಚಬೇಡಿ, ನಾಳೆ ಬೀಳಿ. ಇಂದು ಉಂಡು ನೇರವಾಗಿ ಮನೆಗೆ ಹೋಗಿ. ಯಾರಿಗೆ ಏನು ಬೇಕು ಎಂದು ಇಷ್ಟು ವರ್ಷ ನೀವೇ ತೀರ್ಮಾನ ಮಾಡಿದಿರೋ, ಅವರ ಎದುರು ಕುಳಿತು, ಅವರ ಮುಖ ನೋಡಿ, ನಿಂಗೇನು ಬೇಕು ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಅವರು ಹೇಳಲಿ.